ನಿಂಬೆವ್ವನ ಬಲಗಾಲು

ನನ್ನ ಅಣ್ಣ ಮಲಕಾಜಪ್ಪನ ಹೆಂಡತಿ ನಿಂಬೆವ್ವ, ನಮ್ಮ ವೈನಿ, ಮದುವೆಯಾಗಿ ಬಂದ ವರ್ಷದಿಂದಲೂ ನಮ್ಮ ಓಣಿಯ ಪಾಲಿನ ಕೆರೆಯನ್ನು ಗುಡ್ಡದ ಮೇಲಿಂದ ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ತಂದವಳು. ಆದರೆ ಆ ನೀರು ಟ್ರೇಲರಿನ ಮೇಲೆ ನಿಂತದ್ದನ್ನು ಅವಳು ಒಮ್ಮೆಯೂ ಕಂಡಿರಲಿಲ್ಲ. ಊರೆಲ್ಲ ಕಂಡಿತ್ತು. ಹಾಲು ಕುಡಿಯುವ ಕೂಸುಗಳನ್ನೂ ಎತ್ತಿ ತೋರಿಸುತ್ತಿದ್ದರು. ಬೀದಿನಾಯಿಗಳು ಸಾಲಾಗಿ ಕುಳಿತು ನೋಡುತ್ತಿದ್ದವು. ಎಳೆಯುವವಳು ಮಾತ್ರ ನೋಡುವಂತಿರಲಿಲ್ಲ. ಹೊರಗಿನವರಿಗೆ ಹೇಳಿದರೆ ಇದೆಂಥ ಅನ್ಯಾಯ ಎನ್ನುತ್ತಾರೆ. ನನಗೂ ಹಾಗೆ ಅನಿಸಿದ್ದುಂಟು. ಆದರೆ ಆ ನೀರು ಕುಡಿಯುವವರು ನಾವೇ ತಾನೆ, ಅದಕ್ಕೇ ಬಾಯಿ ಬಿಡುತ್ತಿರಲಿಲ್ಲ.

ನಮ್ಮ ಊರು ಇರುವುದೇ ಇಳಿಜಾರಿನಲ್ಲಿ. ಎಲ್ಲಕ್ಕೂ ಮೇಲೆ ಕೆರೆ, ಅದರ ಕೆಳಗೆ ಒಂದರ ಕೆಳಗೊಂದು ಓಣಿಗಳು, ಎಲ್ಲಕ್ಕೂ ಕೆಳಗೆ ನಮ್ಮದು. ಮಳೆಗಾಲ ಮುಗಿದು ಬಿಸಿಲು ಚುರುಕಾಗುತ್ತಿದ್ದಂತೆ ಕೆರೆಗೆ ಹದ ಬರುತ್ತದೆ. ಹದ ಬಂದದ್ದನ್ನು ಯಾರೂ ಡಂಗುರ ಸಾರಬೇಕಿಲ್ಲ, ಕೊಕ್ಕರೆಗಳು ನೀರಿನ ಮೇಲೆ ಕಾಲೂರಿ ನಡೆದಾಡತೊಡಗುತ್ತವೆ. ಮರುದಿನ ಬೆಳಿಗ್ಗೆ ಓಣಿಗೊಂದರಂತೆ ಟ್ರೇಲರು ಮೇಲೆ ಹೋಗುತ್ತದೆ. ಮೇಲಿನವರು ಹಗ್ಗ ಹಿಡಿದು ಆಯಾ ಓಣಿಯ ಪಾಲನ್ನು ಕೊಯ್ದು ಹಲಗೆಯ ಮೇಲೆ ಸರಿಸಿ ಇಡುತ್ತಾರೆ. ಆ ಟ್ರೇಲರಿಗೆ ತೊಟ್ಟಿ ಇಲ್ಲ, ಪಕ್ಕದ ಹಲಗೆಗಳಿಲ್ಲ, ಮೇಲೆ ಹೊದಿಸಲು ತಾಡಪತ್ರಿಯೂ ಇಲ್ಲ. ಬರಿಯ ಹಲಗೆಯ ಮೇಲೆ ನೀರು ನಿಲ್ಲುತ್ತದೆ.

ಹೇಗೆ ನಿಲ್ಲುತ್ತದೆ ಎಂದು ಕೇಳಬೇಡಿ, ನಿಲ್ಲುತ್ತದೆ ಅಷ್ಟೆ. ಮಾಳಿಗೆಯ ಎತ್ತರಕ್ಕೆ, ನಾಲ್ಕೂ ಮಗ್ಗುಲು ನೆಟ್ಟಗೆ, ಹಸಿರು ಬೆಳಕು ಸೂಸುತ್ತ. ಒಳಗೆ ಮೀನುಗಳು ಕೆರೆಯಲ್ಲೇ ಇದ್ದೇವೆಂದುಕೊಂಡು ಈಜುತ್ತಿರುತ್ತವೆ. ಒಂದು ಮೀನು ಅಂಚಿಗೆ ಬಂದು ಮೂತಿ ಹೊರಹಾಕಿ, ಗಾಳಿ ತಾಗಿದ ಕೂಡಲೇ ಗಾಬರಿಬಿದ್ದು ಒಳಗೆ ಓಡುತ್ತದೆ. ಮೇಲೆ ತಾವರೆಗಳು ಹಾಗೇ ಅರಳಿರುತ್ತವೆ, ತಳದಲ್ಲಿ ಕಳೆದ ವರ್ಷ ಯಾರೋ ಕೈಬಿಟ್ಟ ತಂಬಿಗೆ ಹೊಳೆಯುತ್ತಿರುತ್ತದೆ. ಮಿಂಚುಳ್ಳಿಯೊಂದು ಹಾರಿ ಬಂದು ಮಗ್ಗುಲಿನಿಂದಲೇ ಒಳಹೊಕ್ಕು, ಇನ್ನೊಂದು ಮಗ್ಗುಲಿನಿಂದ ಮೀನು ಕಚ್ಚಿಕೊಂಡು ಹೊರಬಿದ್ದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ನೀರನ್ನು ಇಷ್ಟು ವರ್ಷ ನೋಡಿದರೂ ನನ್ನ ಕಣ್ಣಲ್ಲಿ ನೀರು ಬರುತ್ತದೆ, ನಾನು ಯಾವ ಪುಣ್ಯ ಮಾಡಿ ಈ ಊರಿನಲ್ಲಿ ಹುಟ್ಟಿದೆನೋ ಅನಿಸುತ್ತದೆ.

ಅದು ನಿಲ್ಲುವುದು ಹೊತ್ತು ಮುಳುಗುವವರೆಗೆ ಮಾತ್ರ. ಅಷ್ಟರೊಳಗೆ ಓಣಿಯ ಹೊಂಡ ಸೇರಿಸಿದರೆ ವರ್ಷವಿಡೀ ಕುಡಿಯಲು ನೀರು. ದಾರಿಯಲ್ಲಿ ಜೋರಾಗಿ ಜಗ್ಗಿದರೆ ಒಮ್ಮೆಲೇ ಬರಿಯ ನೀರಾಗಿ ಕುಸಿದು, ಎದುರಿಗಿದ್ದವರನ್ನು ಕೊಚ್ಚಿಕೊಂಡು ಗಟಾರ ಸೇರುತ್ತದೆ. ಅದಕ್ಕೇ ನಮ್ಮ ಊರಿನಲ್ಲಿ ಬೇರೆ ಯಾವ ಕಾಯಿದೆ ಮುರಿದರೂ ನಡೆದೀತು, ಟ್ರೇಲರಿನ ಕಾಯಿದೆ ಮುರಿಯುವಂತಿಲ್ಲ. ಅದನ್ನು ಕಾಯುವವನು ಕಮ್ಮಾರ ಕಾಳಪ್ಪಜ್ಜ. ಟ್ರೇಲರು ಹೊರಡುವ ಮುಂಚೆ ಪ್ರತಿ ವರ್ಷ ಸೊಂಟದ ಮೇಲೆ ಕೈಯಿಟ್ಟುಕೊಂಡು ಅದನ್ನೇ ಒದರುತ್ತಾನೆ.

"ಮುಂದಿನದಕ್ಕ ಬ್ರೇಕ್ ಇದ್ರ ಸಾಲದು, ಹಿಂದಿನದಕ್ಕೂ ತನ್ನದಾ ಬ್ರೇಕ್ ಇರಬೇಕು. ಮೊದಲ ಹಿಂದಿನದು ಹಿಡೀಬೇಕು, ಆಮ್ಯಾಲೆ ಮುಂದಿನದು. ತಿಳೀತಿಲ್ಲೊ? ಮುಂದಿನದು ಮೊದಲ ನಿಂತ್ರ ಹಿಂದಿನದು ಮೈಮ್ಯಾಲೆ ಬರತೈತಿ. ಕೊಕ್ಕಿ ಕೆಳಗ ಸರಪಳಿ ಎರಡು, ಅಡ್ಡಡ್ಡ ಹಾಕ್ರಿ. ಭಾರ ಮುಂದ ಒಂದೀಟು ಹೆಚ್ಚಿರಲಿ, ಹಿಂದ ಹೆಚ್ಚಾದ್ರ ಬಾಲ ಬೀಸತೈತಿ. ತಲಿಮ್ಯಾಲೆ ಕೊಡ ಹೊತ್ತಾಕಿ ನಡದಷ್ಟಾ ಜೋರು. ಬ್ರೇಕಿನ ಸರಳಿಗೆ ಏನೂ ಕಟ್ಟಬ್ಯಾಡ್ರಿ, ನಿಮ್ಮ ಹರಕಿ ನಿಮ್ಮ ಮನ್ಯಾಗ ಇಟಗೊಳ್ರಿ. ಮತ್ತ ಏರೋಣಿ ಖಾಲಿ ಇರಬೇಕು!"

ಏರೋಣಿ ಎಂದರೆ ಬೇವಿನ ಮರದ ತಿರುವಿನಲ್ಲಿ ದೊಡ್ಡ ರಸ್ತೆಯಿಂದ ಕವಲೊಡೆದು ಮೇಲಕ್ಕೆ ಹತ್ತುವ ಓಣಿ. ಹಿಂದಿನ ಬ್ರೇಕು ಕೈಕೊಟ್ಟರೆ ಮುಂದಿನದನ್ನು ಒತ್ತದೆ, ಇನ್ನಷ್ಟು ಜೋರು ಮಾಡಿ, ಆ ಏರಿಗೆ ಹತ್ತಿಸಿಬಿಡಬೇಕು. ಭಾರ ತಾನಾಗಿ ನಿಧಾನವಾಗುತ್ತದೆ. ಹಾಗೆಂದು ಕಾಯಿದೆ. ಯಾರೂ ಅದನ್ನು ಹತ್ತಿಸಿದ್ದನ್ನು ಕಂಡವರಿರಲಿಲ್ಲ. ಹೀಗಾಗಿ ಅಲ್ಲಿಯವರು ನಡು ಓಣಿಯಲ್ಲೇ ಮೆಣಸಿನಕಾಯಿ ಒಣಹಾಕುತ್ತಿದ್ದರು, ಹೊರಸು ಹಾಕಿಕೊಂಡು ಮಲಗುತ್ತಿದ್ದರು.

ಇನ್ನು ಎಳೆಯುವವರ ವಿಷಯ. ನಿಂತ ನೀರನ್ನು ಕಂಡವರ ಬಲಗಾಲು ತಾನೇ ನೆಲವನ್ನು ಒತ್ತುತ್ತದೆ. ತಡೆದು ನಿಲ್ಲಿಸಿಕೊಳ್ಳಬೇಕು, ಇನ್ನೊಂದು ಗಳಿಗೆ ನೋಡಬೇಕು ಅನ್ನುವ ಆಸೆಗೋ ಏನೋ. ಮೆರವಣಿಗೆ ಹೋದ ಮೇಲೆ ನೋಡಿದರೆ ದಾರಿಯ ಇಕ್ಕೆಲದ ಧೂಳಿನಲ್ಲಿ ಬಲಗಾಲಿನ ಗುರುತುಗಳೇ ಆಳವಾಗಿ ಮೂಡಿರುತ್ತವೆ. ಒಮ್ಮೆ ಕಂಡವರಿಗೆ ಮುಂದೆ ನೆನೆದರೂ ಸಾಕು, ಕಾಲು ಒತ್ತುತ್ತದೆ. ಟ್ರ್ಯಾಕ್ಟರಿನಲ್ಲಿ ಬಲಗಾಲಿನ ಕೆಳಗಿರುವುದು ಬ್ರೇಕು, ಅಂಥವರನ್ನು ಹತ್ತಿಸಿದರೆ ಗತಿ ಏನು? ಹೀಗಾಗಿ ಊರಲ್ಲಿ ಹುಟ್ಟಿದವರು ಟ್ರ್ಯಾಕ್ಟರ್ ಓಡಿಸುವಂತಿಲ್ಲ. ಹೊರಗಿನಿಂದ ಬಂದ ಸೊಸೆಯೋ ಅಳಿಯನೋ ಹತ್ತಬೇಕು, ಅವರೂ ಕಾಣದಂತೆ ಇರಬೇಕು. ಅದಕ್ಕೇ ಕನ್ನಡಿಗಳನ್ನು ಬಿಚ್ಚಿಡುತ್ತೇವೆ.

ನಿಂಬೆವ್ವ ಬಂದದ್ದು ಬಯಲು ಸೀಮೆಯಿಂದ, ಅಪ್ಪನ ಟ್ರ್ಯಾಕ್ಟರಿನಲ್ಲಿ ಕಬ್ಬು ಹೇರಿಕೊಂಡು ಫ್ಯಾಕ್ಟರಿಗೆ ಹೋಗಿ ಬರುತ್ತಿದ್ದವಳು. ಅರಿಶಿನದ ಕೈ ಆರುವ ಮುಂಚೆಯೇ ಅವಳನ್ನು ಹತ್ತಿಸಿದರು. ಟ್ರೇಲರಿನ ಹಿಂಬದಿಯಲ್ಲಿ ಕಬ್ಬಿಣದ ಹಿಡಿಕೆಯೊಂದಿದೆ. ಅದನ್ನು ಕೆಳಗೆ ಜಗ್ಗಿದರೆ ಉದ್ದನೆಯ ಸರಳು ಎಳೆದು ಚಕ್ರಗಳಿಗೆ ಬ್ರೇಕು ಹಿಡಿಯುತ್ತದೆ. ಅದನ್ನು ಹಿಡಿದು ಪಕ್ಕದಲ್ಲಿ ನಡೆಯುವವಳು ನಾನು. ನಾನು ಜಗ್ಗಿ "ಹಿಡದೆ!" ಎಂದು ಕೂಗಿದ ಮೇಲೆಯೇ ಅವಳು ನಿಧಾನ ಮಾಡುವುದು, "ಬಿಟ್ಟೆ!" ಎಂದ ಮೇಲೆಯೇ ಮುಂದುವರಿಯುವುದು. ಮನೆಯಲ್ಲಿ ನಾವಿಬ್ಬರೂ ಒಗ್ಗರಣೆಗೆ ಬೆಳ್ಳುಳ್ಳಿ ಹೆಚ್ಚಾಯಿತು ಕಡಿಮೆಯಾಯಿತು ಎಂದು ಜಗಳಾಡುವವರು. ಆ ದಿನ ಮಾತ್ರ ನನ್ನ ಎರಡು ಮಾತಿಗೆ ಅವಳು ಎದುರಾಡಿದ್ದೇ ಇಲ್ಲ.

ಅವಳು ಕಾಣುತ್ತಿದ್ದುದು ಎದುರಿಗಿದ್ದವರ ಮುಖಗಳನ್ನು ಮಾತ್ರ. ರಾತ್ರಿ ಊಟಕ್ಕೆ ಕುಳಿತಾಗ ಹೇಳುತ್ತಿದ್ದಳು, "ಆ ಸಿಡುಕು ಮಾರಿ ಶೇಖವ್ವ ಇದ್ದಾಳಲ್ಲ, ಈ ಸಲ ಆಕಿ ಬಾಯಿ ತೆರಕೊಂಡು ಕೂಸಿನಂಗ ನಿಂತಿದ್ಲು. ಅಂಥಾದ್ದು ಏನೈತವ್ವ ನನ್ನ ಬೆನ್ನ ಹಿಂದ? ಒಂದೀಟು ಬಿಡಿಸಿ ಹೇಳಲ ಕಸ್ತೂರಿ." ನಾನು ಮೀನು, ತಾವರೆ, ಬೆಳಕು ಎಂದು ಹೇಳಲು ಹೋಗಿ ಅರ್ಧಕ್ಕೆ ತೊದಲುತ್ತಿದ್ದೆ. ಅಣ್ಣನನ್ನು ಕೇಳಿದರೆ ಅವನು ತಟ್ಟೆ ಬಿಟ್ಟು ಎದ್ದು ಹೊರಗೆ ಹೋಗಿ ನಿಲ್ಲುತ್ತಿದ್ದ. ಅವಳಿಗೆ ಸಿಟ್ಟು ಬರುತ್ತಿತ್ತು. ತವರಿನಿಂದ ಯಾರಾದರೂ ಬಂದು, ನಿಮ್ಮ ಊರಿನ ಕೆರೆ ಹೇಗಿರುತ್ತದೆ ಎಂದು ಕೇಳಿದರೆ, "ನನಗೇನ್ ಗೊತ್ತು, ನಾ ಅದರ ಎತ್ತು" ಎಂದು ಬಿಡುತ್ತಿದ್ದಳು.

ಆದರೆ ಈ ವರ್ಷ ಅವಳ ಮುಖದಲ್ಲಿ ಕಳೆಯೇ ಬೇರೆಯಾಗಿತ್ತು. ಓಣಿಗೆ ಹೊಸ ಸೊಸೆ ಚಂಪಾ ಬಂದಿದ್ದಳು. ದೂರದ ಊರಿನ ಹುಡುಗಿ, ಕಾರು ಓಡಿಸಲು ಬಲ್ಲವಳು. ಮುಂದಿನ ವರ್ಷದಿಂದ ಚಂಪಾ ಎಳೆಯುವುದು, ನಿಂಬೆವ್ವ ಇಳಿದು ನೋಡುವುದು ಎಂದು ಓಣಿಯವರೆಲ್ಲ ಕೂತು ತೀರ್ಮಾನಿಸಿದ್ದರು. ಅವಳು ಎಲ್ಲಿ ನಿಂತು ನೋಡಬೇಕೆಂದು ಈಗಿನಿಂದಲೇ ಜಾಗ ಹುಡುಕತೊಡಗಿದ್ದಳು. ನಮ್ಮ ಕಟ್ಟೆಯಾ, ಗಿರಣಿಯ ಮೆಟ್ಟಿಲಾ, ಶಾಲೆಯ ಗೋಡೆಯಾ? ನನ್ನನ್ನು ಎಲ್ಲ ಕಡೆಗೂ ಕರೆದೊಯ್ದು ನಿಲ್ಲಿಸಿ, "ಇಲ್ಲಿಂದ ತಾವರಿ ಕಾಣ್ತಾವೇನು? ತಳ ಕಾಣತೈತೇನು?" ಎಂದು ಕೇಳುತ್ತಿದ್ದಳು. ಅವಳು ಹೀಗೆ ಆಸೆಪಟ್ಟದ್ದನ್ನು ಅವಳ ಹೆಣ್ಣುಮಕ್ಕಳ ಮದುವೆಯಲ್ಲೂ ನಾನು ಕಂಡಿರಲಿಲ್ಲ.

ಕೊನೆಯ ವರ್ಷವೆಂದು ಓಣಿಯ ಹೆಂಗಸರು ಅವಳಿಗೆ ಒಂದು ಹಸಿರು ಜರಿಯ ಸೀರೆ ತಂದಿದ್ದರು. ಎಳೆಯುವವಳನ್ನು ಹೊಂಡ ಮುಟ್ಟುವವರೆಗೆ ಮುಟ್ಟುವಂತಿಲ್ಲ, ಹೀಗಾಗಿ ಉಡಿ ತುಂಬುವುದು ಹೇಗೆ? ಕೆರೆಯ ದಂಡೆಯ ಮೇಲೆ ನಿಂತು ಪಿಸುಪಿಸು ಚರ್ಚೆ ಮಾಡಿದರು. ಕೊನೆಗೆ ಶೇಖವ್ವ ಆ ಸೀರೆಯನ್ನು ಬ್ರೇಕಿನ ಹಿಡಿಕೆಗೆ ಸುತ್ತಿ ಕುಂಕುಮ ಹಚ್ಚಿದಳು. "ಕಾಳಪ್ಪಜ್ಜ ಸರಳಿಗೆ ಕಟ್ಟಬ್ಯಾಡ ಅಂದಾನ, ಹಿಡಿಕಿಗೆ ಅಂದಿಲ್ಲಲ್ಲ" ಎಂದಳು. ಅಜ್ಜ ಅಷ್ಟರಲ್ಲಿ ರಸ್ತೆ ನೋಡಲು ಕೆಳಗೆ ಇಳಿದಿದ್ದ. ನಾನು ಬೇಡ ಎನ್ನುವಷ್ಟರಲ್ಲಿ ಗಂಟು ಬಿದ್ದು, ಎಲ್ಲರೂ ಕೈಮುಗಿದಾಗಿತ್ತು. ಅಕ್ಕರೆಯಿಂದ ಮಾಡಿದ್ದನ್ನು ಬಿಚ್ಚಿಸುವುದು ಹೇಗೆ ಎಂದು ನಾನೂ ಸುಮ್ಮನಾದೆ.

ಹೊರಟೆವು. ನೀರು ಈ ವರ್ಷ ಎಂದಿಗಿಂತ ತಿಳಿಯಾಗಿತ್ತು. ಎದುರಿನ ಗೋಡೆಗಳ ಮೇಲೆ, ನಿಂಬೆವ್ವನ ಬೆನ್ನ ಮೇಲೆ ಹಸಿರು ಬೆಳಕು ಆಡುತ್ತಿತ್ತು. ಅವಳು ನೆಟ್ಟಗೆ ಮುಂದೆ ನೋಡುತ್ತ ಕುಳಿತಿದ್ದಳು. ಹಿಡದೆ, ಬಿಟ್ಟೆ, ಹಿಡದೆ, ಬಿಟ್ಟೆ ಎನ್ನುತ್ತ ಮೇಲಿನ ಓಣಿಗಳನ್ನು ದಾಟಿದೆವು. ಇಳಿಜಾರು ಕಡಿದಾಗುವುದು ಬೇವಿನ ಮರದ ಹತ್ತಿರ. ಅಲ್ಲಿ ನಾನು ಹಿಡಿಕೆ ಜಗ್ಗಿದೆ. ಅದು ಮೆತ್ತಗೆ ಅರ್ಧಕ್ಕೆ ಬಂದು ನಿಂತುಬಿಟ್ಟಿತು. ಸೀರೆಯ ಸೆರಗು ಸಡಿಲಾಗಿ ಕೆಳಗಿಳಿದು, ಸರಳಿನ ಕೀಲಿನೊಳಗೆ ಮಡಿಕೆ ಮಡಿಕೆಯಾಗಿ ತುರುಕಿಕೊಂಡಿತ್ತು. ಇನ್ನೊಮ್ಮೆ ಮೈಭಾರವೆಲ್ಲ ಹಾಕಿ ಜಗ್ಗಿದೆ. ಚಕ್ರ ನಿಲ್ಲಲಿಲ್ಲ, ಬದಲಿಗೆ ತಿರುಗುವುದು ಜೋರಾಯಿತು.

"ವೈನೀ! ಹಿಡೀವಲ್ದು!" ಎಂದು ಚೀರಿದೆ.

ಅಂಥ ಹೊತ್ತಿನಲ್ಲಿ ಯಾರ ಕಾಲಾದರೂ ಬ್ರೇಕಿನ ಮೇಲೆ ಹೋಗಬೇಕು. ಅವಳದು ಹೋಗಲಿಲ್ಲ. ಎಂಜಿನ್ನು ಒಮ್ಮೆಲೇ ಗುಡುಗಿತು, ಸಡಿಲಾಗಿದ್ದ ಸರಪಳಿ ಬಿಗಿಯಾಯಿತು. ಎದುರಿಗಿದ್ದ ಜನ ಚೆಲ್ಲಾಪಿಲ್ಲಿಯಾದರು. ಅವಳು ಏರೋಣಿಯ ಕಡೆಗೆ ಅಗಲವಾಗಿ ತಿರುವು ತೆಗೆದುಕೊಂಡಳು. ಮೆಣಸಿನಕಾಯಿಯ ರಾಶಿ ಚಕ್ರದ ಕೆಳಗೆ ಸಿಕ್ಕು ಕೆಂಪು ಧೂಳೆದ್ದಿತು. ಒಂದು ಹೊರಸು ಹಾರಿ ಯಾರದೋ ಬಾಗಿಲಿಗೆ ಬಡಿಯಿತು, ಪುಣ್ಯಕ್ಕೆ ಮಲಗಿದ್ದವನು ಮೊದಲೇ ಎದ್ದು ಓಡಿದ್ದ. ನಾನು ಹಿಡಿಕೆ ಬಿಡಲಿಲ್ಲ. ಬಿಡಬೇಕೆಂದೇ ಹೊಳೆಯಲಿಲ್ಲ. ಕಾಲು ನೆಲ ಬಿಟ್ಟು, ಹಿಡಿಕೆಗೆ ಜೋತುಬಿದ್ದು ಎಳೆದುಕೊಂಡು ಹೋಗುತ್ತಿದ್ದೆ. ಯಾವುದೋ ಕಟ್ಟೆಗೆ ಪಕ್ಕೆ ಬಡಿದು ಉಸಿರು ಕಟ್ಟಿತು, ದನಿ ಹೊರಡಲಿಲ್ಲ.

ಆ ಮೇಲೆ ಅವಳು ಹೇಳಿದ್ದು ಇಷ್ಟು. ನನ್ನ ದನಿ ಕೇಳಲಿಲ್ಲ. ಹಿಡದೆಯೂ ಇಲ್ಲ, ಬಿಟ್ಟೆಯೂ ಇಲ್ಲ. ಕಸ್ತೂರಿ ಗಾಲಿಯ ಕೆಳಗೆ ಹೋದಳೆಂದುಕೊಂಡಳು. ಕೆರೆ ನೆನಪಾಗಲಿಲ್ಲ, ಕಾಯಿದೆ ನೆನಪಾಗಲಿಲ್ಲ, ಇಷ್ಟು ವರ್ಷ ಕತ್ತು ಹೊರಳಿಸದೆ ಕುಳಿತದ್ದೂ ನೆನಪಾಗಲಿಲ್ಲ. ಸೀಟಿನಲ್ಲಿ ಪೂರ್ತಿ ಹಿಂದಕ್ಕೆ ತಿರುಗಿ ನನ್ನನ್ನು ಹುಡುಕಿದಳು.

ಟ್ರೇಲರು ಏರಿಗೆ ಏದುತ್ತ ನಿಧಾನವಾಗಿ, ಇನ್ನೇನು ಹಿಂದಕ್ಕೆ ಜಾರಬೇಕು ಎನ್ನುವ ಗಳಿಗೆ ಅದು. ನೀರು ಮುಂದಕ್ಕೆ ಬಾಗಿತು. ಅಷ್ಟೆತ್ತರದ ನೀರು ಅವಳ ತಲೆಯ ಮೇಲೆ ಚಪ್ಪರದಂತೆ ಬಾಗಿ ನಿಂತಿತು. ಅವಳ ಮುಖದ ಮೇಲೆ ಮೀನುಗಳ ನೆರಳು ಹಾದು ಹೋದದ್ದನ್ನು ನಾನು ಹಿಡಿಕೆಗೆ ಜೋತುಬಿದ್ದಲ್ಲಿಂದ, ನೀರಿನೊಳಗಿನಿಂದಲೇ ಕಂಡೆ. ಅವಳ ಕಣ್ಣುಗಳು ಮೇಲಕ್ಕೆ ಹೋದವು. ಬಾಯಿ ತೆರೆಯಿತು. ಆ ಕ್ಷಣ ಅವಳ ಬಲಗಾಲು ಬ್ರೇಕನ್ನು ಒತ್ತಿತು. ಊರೆಲ್ಲ ಹೆದರುತ್ತಿದ್ದ ಕಾಲು ಒತ್ತಿದ್ದರಿಂದಲೇ ಟ್ರೇಲರು ಹಿಂದಕ್ಕೆ ಜಾರದೆ ಸರಪಳಿಯಲ್ಲಿ ನಿಂತಿತು. ಬಾಗಿದ ನೀರು ಒಂದಿಷ್ಟು ಹೊತ್ತು ನಡುಗಿ, ತಿರುಗಿ ನೆಟ್ಟಗಾಯಿತು. ಒಂದು ತಾವರೆ ಮಾತ್ರ ಕಳಚಿ ಅವಳ ತೊಡೆಯ ಮೇಲೆ ಬಿತ್ತು. ಕಾಳಪ್ಪಜ್ಜ ಓಡಿ ಬಂದು ಗಾಲಿಗಳಿಗೆ ಕಲ್ಲು ಕೊಟ್ಟ. ನಾನು ನೆಲಕ್ಕೆ ಕುಕ್ಕರಿಸಿದೆ.

ಮೆಣಸಿನಕಾಯಿಯ ಘಾಟಿಗೆ ಎಲ್ಲರೂ ಒಟ್ಟಿಗೆ ಸೀನತೊಡಗಿದರು. ದೇವರ ಮುಂದೆ ನಿಂತವರಂತೆ ನಿಂತಿದ್ದ ಜನ ಕೈಯಿಂದ ಮೂಗು ಮುಚ್ಚಿಕೊಂಡು, ಸೀನಿನ ಗಾಳಿಗೆ ನೀರು ಎಲ್ಲಿ ಕುಸಿದೀತೋ ಎಂದು ಹೆದರಿ ಹಿಂದೆ ಹಿಂದೆ ಸರಿದರು. ನಿಂಬೆವ್ವ ಸೀನಲಿಲ್ಲ. ಅವಳು ನೋಡುತ್ತಲೇ ಇದ್ದಳು. ನಾನು ಎದ್ದು ಕುಂಟುತ್ತ ಹತ್ತಿರ ಹೋದೆ.

"ಇದ್ದೀಯಾ?" ಎಂದಳು.

"ಇದ್ದೀನಿ ವೈನಿ."

"ಇಷ್ಟು ಇತ್ತೇನ ಇದು? ನನ್ನ ಹಿಂದ ಇಷ್ಟು ಇತ್ತೇನ?" ಎಂದು ಅಳತೊಡಗಿದಳು. ನನಗೂ ಅಳು ತಡೆಯಲಾಗಲಿಲ್ಲ.

ಅಳು ಮುಗಿಯುವಷ್ಟರಲ್ಲಿ ಸಂಕಟ ಶುರುವಾಯಿತು. ಕಾಳಪ್ಪಜ್ಜ ಕುಡುಗೋಲಿನಿಂದ ಸೀರೆಯನ್ನು ಕೊಯ್ದು ಕೀಲು ಬಿಡಿಸಿದ. ಹಿಂದಿನ ಬ್ರೇಕು ಮೊದಲಿನಂತಾಯಿತು. ಏರೋಣಿ ತುದಿಯಲ್ಲಿ ಬಳಸಿಕೊಂಡು ಮತ್ತೆ ಇಳಿಜಾರಿಗೇ ಸೇರುತ್ತದೆ, ಹೀಗಾಗಿ ದಾರಿಯೂ ಇತ್ತು. ಆದರೆ ಎಳೆಯುವವರಿರಲಿಲ್ಲ. ನಿಂಬೆವ್ವ ಕಂಡುಬಿಟ್ಟಿದ್ದಳು. ಅವಳ ಬಲಗಾಲು ಬ್ರೇಕಿನ ಮೇಲೆ ಒತ್ತುವುದು, ಬಿಡುವುದು, ಮತ್ತೆ ಒತ್ತುವುದು ನಡೆದೇ ಇತ್ತು. ಇಂಥ ಕಾಲಿನಿಂದ ಇಳಿಜಾರಿಗೆ ಬಿಟ್ಟರೆ ಮೊದಲ ತಿರುವಿನಲ್ಲೇ ಎಲ್ಲ ಮುಗಿಯುತ್ತಿತ್ತು.

"ಚಂಪಾನ್ನ ಕರೀರಿ. ಆಕಿ ಒಳಗ ಅದಾಳ, ನೋಡಿಲ್ಲ" ಎಂದಳು ಶೇಖವ್ವ. ಅವಳಿಗೆ ಮುಖ ಎತ್ತಿ ಮಾತಾಡಲೂ ನಾಚಿಕೆಯಾಗಿತ್ತು.

ಗುಂಪು ಸರಿಯಿತು. ಹಿಂದೆ, ಬೇವಿನ ಮರದ ಬುಡದಲ್ಲಿ ಚಂಪಾ ನಿಂತಿದ್ದಳು. ಕಿಟಕಿ ಮುಚ್ಚಿದ ಕೋಣೆಯಲ್ಲಿ ಕುಳಿತಿರಬೇಕಾದ ಹುಡುಗಿ ಗದ್ದಲ ಕೇಳಿ, ಮನೆಯವರಿಗೆ ಏನಾಯಿತೋ ಎಂದು ಗಾಬರಿಯಿಂದ ಬರಿಗಾಲಲ್ಲಿ ಓಡಿ ಬಂದಿದ್ದಳು. ಯಾರೂ ಏನೂ ಕೇಳಬೇಕಾಗಲಿಲ್ಲ. ಅವಳ ಕಣ್ಣು ನೀರಿನ ಮೇಲಿತ್ತು, ಅವಳ ಬಲಗಾಲು ಮಣ್ಣನ್ನು ಒತ್ತುತ್ತಿತ್ತು.

ಈ ವರ್ಷದ್ದಷ್ಟೇ ಹೋದದ್ದಲ್ಲ, ಮುಂದಿನ ವರ್ಷವೂ ಹೋಯಿತು. ಇನ್ನೊಬ್ಬ ಸೊಸೆ ಬರುವ ಮನೆ ಓಣಿಯಲ್ಲಿ ಯಾವುದೂ ಇರಲಿಲ್ಲ. ಬಿಸಿಲು ಆಗಲೇ ಪಡುವಣಕ್ಕೆ ವಾಲಿತ್ತು. ಹೊತ್ತು ಮುಳುಗಿದರೆ ಈ ನೀರು ಇಲ್ಲೇ ಕುಸಿದು, ಕೆಳಗಿನ ಮನೆಗಳಿಗೆ ನುಗ್ಗಿ, ಬೆಳಗಾಗುವುದರೊಳಗೆ ಕೆಸರಾಗುತ್ತಿತ್ತು. ವರ್ಷವಿಡೀ ಮೇಲಿನ ಓಣಿಗಳ ಹೊಂಡದ ಮುಂದೆ ಕೊಡ ಹಿಡಿದು ನಿಂತು ಬೇಡಬೇಕು. ಹೆಂಗಸರು ತಲೆಯ ಮೇಲೆ ಕೈಹೊತ್ತು ಕುಳಿತರು. ಕೆಳಗಿನ ಮನೆಯವರನ್ನು ಹೊರಗೆ ಕರೆಯಿರಿ ಎಂದು ಯಾರೋ ಕೂಗಿದರು. ನಿಂಬೆವ್ವ ಅವರನ್ನೆಲ್ಲ ನೋಡಿದಳು, ತನ್ನ ಕಾಲನ್ನು ನೋಡಿಕೊಂಡಳು, ತೊಡೆಯ ಮೇಲಿನ ತಾವರೆಯನ್ನು ಎತ್ತಿ ಪಕ್ಕಕ್ಕಿಟ್ಟಳು.

"ಕಾಳಪ್ಪಜ್ಜಾ, ಈ ಕಾಲು ನಾ ಹೇಳಿದ್ದು ಕೇಳಂಗಿಲ್ಲ. ಒತ್ತೇ ಒತ್ತತೈತಿ. ಒತ್ತಲಿ. ಟ್ರ್ಯಾಕ್ಟರಿನ ಕೆಳಗ ಆ ಬ್ರೇಕಿನ ಸರಳ ಬಿಚ್ಚಿಬಿಡು."

ಅಜ್ಜನಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ಅವನ ಮುಖ ಕೆಂಪಾಯಿತು.

"ತಲಿಗಿಲಿ ಕೆಟ್ಟೈತೇನು ತಂಗೆವ್ವಾ? ಮುಂದಿನದಕ್ಕೂ ಬ್ರೇಕ್ ಬೇಕು, ಹಿಂದಿನದಕ್ಕೂ ಬ್ರೇಕ್ ಬೇಕು ಅಂತ ಹಲ್ಲು ಬಿದ್ದು ಹೋಗೂತನಕ ಒದರೀನಿ. ಬ್ರೇಕ್ ಇಲ್ದ ಟ್ರ್ಯಾಕ್ಟರ್ ನಾ ಬಿಡಂಗಿಲ್ಲ. ನನ್ನ ಹೆಣದ ಮ್ಯಾಲೆ ಹೊಡಕೊಂಡು ಹೋಗು."

"ಬ್ರೇಕ್ ಐತಲ್ಲ ಅಜ್ಜಾ. ಕಸ್ತೂರಿ ಕೈಯಾಗ ಐತಿ."

ನನ್ನ ಪಕ್ಕೆ ನೋಯುತ್ತಿತ್ತು, ಅಂಗೈ ಸುಲಿದಿತ್ತು. ಇಷ್ಟು ವರ್ಷ ನಾನು ಹಿಡಿಯದಿದ್ದರೆ ಅವಳಿದ್ದಾಳೆ ಎಂಬ ಧೈರ್ಯವಿತ್ತು, ಅವಳಿಗೂ ಹಾಗೇ ಇದ್ದಿರಬೇಕು. ಈಗ ಎಲ್ಲ ಭಾರ ನನ್ನ ಕೈಗೆ ಬರುತ್ತಿತ್ತು. ಬೇಡ ವೈನಿ ಎನ್ನಬೇಕೆಂದು ಬಾಯಿ ತೆರೆದೆ. ಅವಳು ನನ್ನನ್ನು ನೋಡಲೂ ಇಲ್ಲ, ನಾನು ಒಪ್ಪುತ್ತೇನೋ ಇಲ್ಲವೋ ಎಂದು ಕೇಳಲೂ ಇಲ್ಲ. ಅಷ್ಟು ನಂಬಿದ ಮೇಲೆ ಬೇಡ ಎನ್ನುವುದು ಹೇಗೆ?

"ಒಂದನೇ ಗೇರಿನಾಗ ಬಿಡ್ತೀನಿ. ಎಂಜಿನ್ನೇ ಹಿಡಕೋತೈತಿ. ನೀವು ಆಕಡಿ ಈಕಡಿ ಕಟಿಗಿ ತುಂಡು ಹಿಡಕೊಂಡು ನಡೀರಿ, ಆಕಿ ಕೈ ಸೋತ್ರ ಗಾಲಿಗೆ ಕೊಡ್ರಿ. ಮುಂದ ಒಂದು ನರಪಿಳ್ಳಿನೂ ಇರಬಾರದು" ಎಂದಳು ನಿಂಬೆವ್ವ. "ಮತ್ತ ಕನ್ನಡಿ ಹಾಕ್ರಿ. ಈಗ್ಯಾಕ ಬ್ಯಾಡ ಕನ್ನಡಿ? ಹಿಂದ ಏನೈತಿ ಅಂತ ನೋಡ್ದ ಗಾಡಿ ಹೊಡಿಯೋದು ಯಾವ ಊರ ಶ್ಯಾಣ್ಯಾತನ?" ಎಂದಳು.

ಆ ಸಂಕಟದಲ್ಲೂ ನಾಲ್ಕು ಜನ ನಕ್ಕುಬಿಟ್ಟರು. ಚಂಪಾ ಓಡಿ ಹೋಗಿ ಮನೆಯ ಗೋಡೆಯ ಕನ್ನಡಿಯನ್ನೇ ಕಿತ್ತು ತಂದಳು. ಅಜ್ಜ ಗೊಣಗುತ್ತ ಟ್ರ್ಯಾಕ್ಟರಿನ ಕೆಳಗೆ ತೂರಿದ. ಸರಳು ಬಿಚ್ಚಿ ಹೊರಗೆ ತಂದು ನೆಲಕ್ಕೆ ಇಟ್ಟ. ಜೀವಮಾನವೆಲ್ಲ ಒದರಿದ್ದನ್ನು ತಾನೇ ಮುರಿದ ದುಃಖ ಅವನಿಗಿತ್ತು. ಆದರೂ ಕನ್ನಡಿಯನ್ನು ತಂತಿಯಿಂದ ಬಿಗಿದು ಕಟ್ಟಿ, ಅವಳ ಕಣ್ಣಿಗೆ ಸರಿಯಾಗಿ ಬರುವಂತೆ ತಿರುಗಿಸಿ ಕೊಟ್ಟ. ಸರಪಳಿಗಳನ್ನು ಇನ್ನೊಮ್ಮೆ ಜಗ್ಗಿ ನೋಡಿದ.

ಹೊರಟೆವು. ಏರೋಣಿಯ ನೆತ್ತಿ ದಾಟಿ ಇಳಿಜಾರು ಶುರುವಾದ ಕೂಡಲೇ ಆ ಸದ್ದು ಕೇಳಿಸಿತು. ಟಕ್ ಎಂದು ಅವಳ ಕಾಲು ಬ್ರೇಕನ್ನು ಒತ್ತಿತು. ಅದು ಎಲ್ಲಿಗೂ ತಗುಲಿಕೊಳ್ಳದೆ ತಳಕ್ಕೆ ಬಡಿದು ಮೇಲೆ ಬಂತು. ಮತ್ತೆ ಟಕ್. ಟ್ರ್ಯಾಕ್ಟರ್ ತನ್ನ ಪಾಡಿಗೆ ತಾನು ಗುರುಗುಟ್ಟುತ್ತ ಕೊಡ ಹೊತ್ತವಳ ನಡಿಗೆಯಲ್ಲಿ ಇಳಿಯುತ್ತಿತ್ತು. "ಹಿಡದೆ!" ಎಂದು ಕೂಗಿದೆ. ಎಂಜಿನ್ನಿನ ದನಿ ತಗ್ಗಿತು. "ಬಿಟ್ಟೆ!" ಎಂದೆ. ಸಾಗಿತು. ಕನ್ನಡಿಯಲ್ಲಿ ಅವಳ ಮುಖ ನನಗೆ ಕಾಣುತ್ತಿತ್ತು. ಒಂದು ಕಣ್ಣು ದಾರಿಯ ಮೇಲೆ, ಒಂದು ಕಣ್ಣು ಹಿಂದೆ. ಅಳುತ್ತಿದ್ದಳು, ನಗುತ್ತಿದ್ದಳು, ತುಟಿ ಏನೋ ಮಾತಾಡುತ್ತಿತ್ತು. ಕಾಲು ಮಾತ್ರ ಟಕ್ ಟಕ್ ಎನ್ನುತ್ತ ಹುಚ್ಚು ಹಿಡಿದಂತೆ ಒತ್ತುತ್ತಿತ್ತು, ಅವಳ ಆಸೆಗೆ ಆ ದಿನ ಯಾವ ಕಾಯಿದೆಯೂ ಅಡ್ಡಿ ಇರಲಿಲ್ಲ.

ನನಗೆ ಪಕ್ಕೆಯ ನೋವು ಮರೆತೇ ಹೋಯಿತು. ದಾರಿಯ ಎರಡೂ ಬದಿಯ ಮಾಳಿಗೆಗಳ ಮೇಲೆ ಜನ ನಿಂತಿದ್ದರು. ಇಳಿಬಿಸಿಲು ನೀರಿನೊಳಗೆ ಅಡ್ಡವಾಗಿ ಹೊಕ್ಕು ಇಡೀ ಕೆರೆ ಬಂಗಾರವಾಯಿತು. ಮೀನುಗಳು ಅದರಲ್ಲಿ ಕರಿಯ ಗೆರೆಗಳಾಗಿ ಓಡುತ್ತಿದ್ದವು. ಆ ಬೆಳಕು ಅವಳ ಮೇಲೆ, ನನ್ನ ಸುಲಿದ ಕೈಗಳ ಮೇಲೆ, ಕಟ್ಟಿಗೆ ತುಂಡು ಹಿಡಿದು ಬಗ್ಗಿಕೊಂಡು ನಡೆಯುತ್ತಿದ್ದ ಅಜ್ಜನ ಬೋಳುತಲೆಯ ಮೇಲೆ ಬಿದ್ದಿತ್ತು. ಕಡೆಯ ತಿರುವಿನಲ್ಲಿ ನನ್ನ ತೋಳು ಸೋತು ಹಿಡಿಕೆ ಒಂದು ಗೇಣು ಮೇಲೆದ್ದಿತು. ನೀರಿನ ಮೈಯಲ್ಲಿ ನಡುಕ ಕಂಡಿತು. ಅಷ್ಟರಲ್ಲಿ ಚಂಪಾ ಹಿಂದಿನಿಂದ ಬಂದು ನನ್ನ ಕೈಯ ಮೇಲೆ ತನ್ನ ಕೈಯಿಟ್ಟು ಜಗ್ಗಿದಳು. "ಹಿಡದ್ವಿ!" ಎಂದು ಇಬ್ಬರೂ ಕೂಗಿದೆವು. ನಡುಕ ನಿಂತಿತು.

ಹೊಂಡದ ದಂಡೆಯಲ್ಲಿ ಅಣ್ಣ ಮಲಕಾಜಪ್ಪ ಗಂಡಸರೊಂದಿಗೆ ಕಾಯುತ್ತಿದ್ದ. ಹಗ್ಗ ಹಾಕಿ ಸರಿಸಿದರು. ನೀರು ಹಲಗೆಯಿಂದ ಮೆಲ್ಲಗೆ ಜಾರಿ, ಹೊಂಡದ ಮೇಲೆ ಒಂದು ಗಳಿಗೆ ನಿಂತು, ಹೊತ್ತು ಮುಳುಗುತ್ತಿದ್ದಂತೆ ಬರಿಯ ನೀರಾಗಿ ಹರಡಿಕೊಂಡಿತು. ದಂಡೆಗೆ ಅಲೆ ಬಡಿಯಿತು. ಹುಡುಗರು ಕೇಕೆ ಹಾಕಿದರು, ಹೆಂಗಸರು ಕೊಡ ಮುಳುಗಿಸಿದರು. ಅಣ್ಣ ಟ್ರ್ಯಾಕ್ಟರಿನ ಹತ್ತಿರ ಬಂದು ಎಂಜಿನ್ನು ಆರಿಸಿದ. ಹೆಂಡತಿಯ ಮುಖ ನೋಡಿ, ಏನಾಗಿದೆಯೆಂದು ತಿಳಿದು, ಅಲ್ಲೇ ಗಾಲಿಗೆ ಆತುಕೊಂಡು ನಿಂತ.

ಎಂಜಿನ್ನು ನಿಂತ ಮೇಲೆ ಆ ಸದ್ದು ಇನ್ನೂ ಸ್ಪಷ್ಟವಾಗಿ ಕೇಳಿಸಿತು. ಟಕ್. ಟಕ್. ನಿಂಬೆವ್ವ ಸ್ಟೇರಿಂಗಿನ ಮೇಲೆ ಎರಡೂ ಕೈಯಿಟ್ಟು ಖಾಲಿ ಕನ್ನಡಿಯನ್ನು ನೋಡುತ್ತ ಕುಳಿತಿದ್ದಳು. ಕಾಲು ಒತ್ತುತ್ತಲೇ ಇತ್ತು. ಬಹಳ ದಣಿದಿದ್ದಾಳೆ, ನೋವಾದೀತು ಎಂದು ನಾನು ಮೆಟ್ಟಿಲ ಮೇಲೆ ಹತ್ತಿ ಕುಳಿತು, ಧೂಳು ಮೆತ್ತಿದ ಆ ಪಾದವನ್ನು ನನ್ನ ಸುಲಿದ ಅಂಗೈಗಳಲ್ಲಿ ಹಿಡಿದುಕೊಂಡೆ. ನನ್ನ ಹಿಡಿತದಲ್ಲಿ ಅದು ನಡುಗುತ್ತ ನಿಂತಿತು.

"ಬಿಡ ಕಸ್ತೂರಿ, ಇನ್ನೊಂದೀಟು ಒತ್ತಲಿ" ಎಂದಳು.

"ಬಿಟ್ಟೆ ವೈನಿ" ಎಂದು ಕೈ ತೆಗೆದೆ.